ಹಿಮೋಗ್ಲೋಬಿನ್ 8.4, ಆದರೂ ಅತ್ತಿಗೆ "ನಂಗೇನಾಗಿದೆ?" ಅಂತಾರೆ

ಪ್ರಶ್ನೆ (ಸಿಂಧನೂರು ಹುಡುಗ):
ನಮ್ಮ ಅತ್ತಿಗೆ ಭತ್ತದ ಗದ್ದೆ ಕೆಲಸಕ್ಕೆ ಹೋಗುತ್ತಾರೆ. ರಕ್ತ ಪರೀಕ್ಷೆಯಲ್ಲಿ 8.4 ಬಂತು. ಮೆಟ್ಟಿಲು ಹತ್ತಿದರೆ ಏದುಸಿರು. ಕೇಳಿದರೆ "ಆರಾಮಾಗೇ ಇದೀನಿ" ಅಂತಾರೆ. ಕಬ್ಬಿಣದ ಮಾತ್ರೆ ಡಬ್ಬಿಯಲ್ಲೇ ಕೂತಿದೆ. ಇದು ಹಠನಾ?

ಲ್ಯಾಬ್ ಅಕ್ಕ:
ಹಠ ಅಲ್ಲ ತಮ್ಮಾ. ನಾನು ತಾಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಇಂಥವರನ್ನು ದಿನಾ ನೋಡುತ್ತೇನೆ. ಹೆಂಗಸರಿಗೆ 12 ಇರಬೇಕು. ಇಂಥವರಲ್ಲಿ ಅದು ಸಾಮಾನ್ಯವಾಗಿ ಒಂದೇ ಸಲ ಇಳಿಯುವುದಿಲ್ಲ. ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಯುತ್ತೆ, ಮೈ ಅದಕ್ಕೇ ಒಗ್ಗಿಕೊಳ್ಳುತ್ತೆ. ಮೈನೆರೆದಾಗಿನಿಂದ ರಕ್ತ ಕಮ್ಮಿ ಇದ್ದರೆ, ಸುಸ್ತಿಲ್ಲದ ಮೈ ಹೇಗಿರುತ್ತೆ ಅಂತ ಅವರಿಗೆ ಗೊತ್ತೇ ಇರಲ್ಲ. ಪಕ್ಕದಲ್ಲಿ ಕಳೆ ಕೀಳುವವರೂ ಹಾಗೇ ಏದುಸಿರು ಬಿಡ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಯಾರನ್ನು ನೋಡಿ ಹೋಲಿಸಿಕೊಳ್ಳಬೇಕು ಹೇಳಿ?

ಅದಕ್ಕೇ ನಾನು "ಸುಸ್ತಾ?" ಅಂತ ಕೇಳೋದೇ ಇಲ್ಲ. "ತುಂಬಿದ ಕೊಡ ಹೊತ್ತು ಬರುವಾಗ ನಡುವೆ ಇಳಿಸ್ತೀರಾ? ಹಸಿ ಅಕ್ಕಿ, ಮಣ್ಣು, ಬಳಪ ತಿನ್ನೋ ಆಸೆ ಆಗುತ್ತಾ?" ಅಂತ ಕೇಳುತ್ತೇನೆ. ಆಗ ನಗುತ್ತಾ ಒಪ್ಪಿಕೊಳ್ಳುತ್ತಾರೆ, "ಅಕ್ಕಿ ತಿಂತೀನಿ, ಅದಕ್ಕೇನೀಗ?" ಅಂತಾರೆ. ಕಬ್ಬಿಣಾಂಶ ಕಮ್ಮಿ ಇದ್ದವರಿಗೆ ಅಂಥ ಆಸೆ ಹುಟ್ಟೋದುಂಟು.

ಓದುವ ಮೇಷ್ಟ್ರು:
ಅಕ್ಕ ಹೇಳಿದ್ದು ಸರಿ. ಬಂಗಾಳದ ಕ್ಷಾಮದ ಮರುವರ್ಷ, 1944ರಲ್ಲಿ, ಕಲ್ಕತ್ತೆ ಹತ್ತಿರದ ಸಿಂಗೂರಿನಲ್ಲಿ ಒಂದು ಸಮೀಕ್ಷೆ ನಡೆದಿತ್ತು. ಹೆಂಡತಿ ಸತ್ತ ಗಂಡಸರಲ್ಲಿ ಶೇ. 48.5 ಮಂದಿ ತಮ್ಮ ಆರೋಗ್ಯ ಸರಿಯಿಲ್ಲ ಅಂದರು. ವಿಧವೆಯರಲ್ಲಿ ಹಾಗಂದವರು ಬರೀ ಶೇ. 2.5. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಇದನ್ನು ಹಲವು ಕಡೆ ಬರೆದಿದ್ದಾರೆ. ವಿಧವೆಯರ ಮೈ ಗಟ್ಟಿಯಿತ್ತು ಅಂತಲ್ಲ. ಅವರಿಗೆ ನರಳೋದೇ ಮಾಮೂಲಿಯಾಗಿತ್ತು.

ಸಿಂಧನೂರು ಹುಡುಗ:
ಅಕ್ಕಾ, ಕೇಳಿದೆ. ಅಕ್ಕಿ ತಿಂತಾರಂತೆ, ಅದೂ ಜಾಸ್ತಿ! ಮಾತ್ರೆ ತಗೊಂಡರೆ ಹೊಟ್ಟೆ ತೊಳೆಸುತ್ತೆ ಅಂತಾರೆ.

ಲ್ಯಾಬ್ ಅಕ್ಕ:
ಹಾಗಾದರೆ ಊಟ ಆದಮೇಲೆ ಕೊಡಿ, ನಿಂಬೆ ಶರಬತ್ತಿನ ಜೊತೆ. ಚಹಾ ಮಾತ್ರ ಆ ಹೊತ್ತಿಗೆ ಬೇಡ. ಮಲ ಕಪ್ಪಗಾಗುತ್ತೆ, ಹೆದರಬೇಡಿ ಅಂತ ಮೊದಲೇ ಹೇಳಿಬಿಡಿ, ಸುಮಾರು ಜನ ಅದಕ್ಕೇ ಬಿಟ್ಟುಬಿಡ್ತಾರೆ. ಆದರೆ 8.4 ಅಂದರೆ ಮಾತ್ರೆ ಕೊಟ್ಟು ಸುಮ್ನೆ ಕೂರೋ ಹಾಗಿಲ್ಲ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಾ ಅಂತ ನಿಮ್ಮ ಅಮ್ಮನ ಕೈಲಿ ಕೇಳಿಸಿ. "ಎಲ್ಲರಿಗೂ ಹೋಗೋಷ್ಟೇ" ಅಂದರೆ ಬಿಡಬೇಡಿ, ದಿನಕ್ಕೆ ಎಷ್ಟು ಬಟ್ಟೆ ಬದಲಾಯಿಸ್ತಾರೆ ಅಂತ ಎಣಿಸಿ ಹೇಳೋಕೆ ಹೇಳಿ.