ಹಳೆಯ ಸಾಲ ಬಾಕಿ ಮತ್ತು ಅಮೆರಿಕದ ಸೆಕ್ಯುರಿಟಿ ಕ್ಲಿಯರೆನ್ಸ್

ಪ್ರಶ್ನೆ:
ನಾನು ವರ್ಜೀನಿಯಾದಲ್ಲಿ ನೆಲೆಸಿರುವ ಅಮೆರಿಕದ ಪೌರ. ರಕ್ಷಣಾ ಇಲಾಖೆಯ ಗುತ್ತಿಗೆ ಕಂಪನಿಯೊಂದು, ಸೀಕ್ರೆಟ್ ಕ್ಲಿಯರೆನ್ಸ್ (ಸರ್ಕಾರದ ರಹಸ್ಯ ಮಾಹಿತಿಯನ್ನು ನೋಡಲು ಸಿಗುವ ಅನುಮತಿ) ದೊರೆತರೆ ಕೆಲಸ ಕೊಡುವುದಾಗಿ ತಿಳಿಸಿದೆ. 2023ರಲ್ಲಿ ಕೆಲಸ ಹೋಗಿ ಎಂಟು ತಿಂಗಳು ಮನೆಯಲ್ಲಿ ಕುಳಿತಿದ್ದಾಗ ಎರಡು ಕ್ರೆಡಿಟ್ ಕಾರ್ಡುಗಳ ಕಂತು ನಿಂತುಹೋಗಿ, ಎರಡೂ ವಸೂಲಿ ಏಜೆನ್ಸಿಗಳ ಕೈಸೇರಿದವು. ಒಂದನ್ನು ಪೂರ್ತಿ ತೀರಿಸಿದ್ದೇನೆ. ಇನ್ನೊಂದರಲ್ಲಿ ಉಳಿದಿರುವ 11,000 ಡಾಲರಿಗೆ ತಿಂಗಳಿಗೆ 400ರಂತೆ ಕಟ್ಟುತ್ತಿದ್ದೇನೆ. ತೀರಿಹೋದ ಸಾಲವನ್ನೂ ಕ್ಲಿಯರೆನ್ಸ್‌ಗಾಗಿ ತುಂಬುವ ಎಸ್‌ಎಫ್-86 ಅರ್ಜಿಯಲ್ಲಿ ಬರೆಯಬೇಕೇ? ಮೈಸೂರಿನಲ್ಲಿ ತಂದೆಯವರೊಂದಿಗೆ ಜಂಟಿಯಾಗಿ ತೆಗೆದುಕೊಂಡ ಗೃಹಸಾಲವೂ ಇದೆ, ಅದರ ಕಂತು ಒಮ್ಮೆಯೂ ತಪ್ಪಿಲ್ಲ.

ಉತ್ತರ 1:
ಬರೆಯಲೇಬೇಕು. ಅರ್ಜಿಯ 26ನೆಯ ವಿಭಾಗವು ಕಳೆದ ಏಳು ವರ್ಷಗಳಲ್ಲಿ ವಸೂಲಿಗೆ ಹೋದ ಸಾಲಗಳನ್ನೂ 120 ದಿನಗಳಿಗಿಂತ ಹೆಚ್ಚು ಕಾಲ ಬಾಕಿ ಉಳಿದವುಗಳನ್ನೂ ಕೇಳುತ್ತದೆ. ಆಮೇಲೆ ತೀರಿಸಿದಿರಿ ಎಂಬ ಕಾರಣಕ್ಕೆ ಅವು ಕೈಬಿಟ್ಟು ಹೋಗುವುದಿಲ್ಲ. ತನಿಖೆಯವರು ಕ್ರೆಡಿಟ್ ವರದಿಯನ್ನು ಹೇಗೂ ತರಿಸಿಕೊಳ್ಳುತ್ತಾರೆ. ಬೇಕೆಂದೇ ಮುಚ್ಚಿಟ್ಟದ್ದು ಕಂಡುಬಂದರೆ ವಿಷಯವು ಸಾಲದಿಂದ ಪ್ರಾಮಾಣಿಕತೆಗೆ ತಿರುಗುತ್ತದೆ, ಮತ್ತು ಅದನ್ನು ಸರಿಪಡಿಸುವುದು ಸಾಲ ತೀರಿಸುವುದಕ್ಕಿಂತ ಕಷ್ಟ.

ಕ್ಲಿಯರೆನ್ಸ್ ಕೊಡಬೇಕೇ ಎಂದು ನಿರ್ಧರಿಸಲು 2017ರ ಜೂನ್‌ನಿಂದ ಜಾರಿಯಲ್ಲಿರುವ 13 ಮಾನದಂಡಗಳಲ್ಲಿ ಹಣಕಾಸಿನದು 'ಗೈಡ್‌ಲೈನ್ ಎಫ್'. ಇಷ್ಟು ಡಾಲರ್ ದಾಟಿದರೆ ಅನರ್ಹ ಎಂಬ ಗೆರೆ ಅದರಲ್ಲಿಲ್ಲ. ಕೆಲಸ ಹೋಗುವುದು, ವಿಚ್ಛೇದನ, ಕಾಯಿಲೆಯಂತಹ ಕೈಮೀರಿದ ಕಾರಣಗಳಿಂದ ಸಾಲ ಬೆಳೆಯಿತೇ, ಆ ಸ್ಥಿತಿಯಲ್ಲಿ ನೀವು ಹೊಣೆಯರಿತು ನಡೆದುಕೊಂಡಿರೇ ಎಂಬುದನ್ನು ನೋಡುತ್ತಾರೆ. ಸರ್ಕಾರದ ಅಂಜಿಕೆಗೆ ಕಾರಣವಿದೆ: ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1985ರಲ್ಲಿ ಗುಟ್ಟುಗಳನ್ನು ಮಾರಲು ಸೋವಿಯತ್ ರಾಯಭಾರ ಕಚೇರಿಯ ಮೆಟ್ಟಿಲು ಹತ್ತಿದ್ದು ಸಾಲದ ಒತ್ತಡದಲ್ಲೇ.

ಉತ್ತರ 2:
ನನ್ನ ಅನುಭವವನ್ನು ಹೇಳುತ್ತೇನೆ. ಬಾಕಿಯನ್ನು ಅರ್ಜಿಯಲ್ಲಿ ಬರೆದಿದ್ದೆನಾದರೂ, ಆಕ್ಷೇಪಗಳ ಪಟ್ಟಿಯಾದ 'ಸ್ಟೇಟ್‌ಮೆಂಟ್ ಆಫ್ ರೀಸನ್ಸ್' ಕೈಗೆ ಬಂದ ಮೇಲೆಯೇ ಕಂತು ಕಟ್ಟಲು ತೊಡಗಿದೆ. ಕ್ಲಿಯರೆನ್ಸ್‌ಗಾಗಿ ಕಟ್ಟುತ್ತಿದ್ದೀರೋ, ಸಾಲ ನಿಮ್ಮದೆಂದು ಕಟ್ಟುತ್ತಿದ್ದೀರೋ ಎಂದು ವಿಚಾರಣೆಯಲ್ಲಿ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ, ಅರ್ಜಿ ತಿರಸ್ಕೃತವಾಯಿತು. ನೀವು ಮೊದಲೇ ಕಟ್ಟುತ್ತಿರುವುದು ದೊಡ್ಡ ಅನುಕೂಲ. ಏಜೆನ್ಸಿಯೊಂದಿಗಿನ ಒಪ್ಪಂದದ ಪತ್ರ, ಪ್ರತಿ ತಿಂಗಳ ರಸೀದಿ, ಕೆಲಸದಿಂದ ತೆಗೆದ ಪತ್ರ ಇವುಗಳನ್ನು ಈಗಲೇ ಒಂದೆಡೆ ಜೋಡಿಸಿಡಿ. ಆಕ್ಷೇಪ ಬಂದರೆ ಉತ್ತರಿಸಲು ಗುತ್ತಿಗೆ ನೌಕರರಿಗೆ ಸಿಗುವುದು ಸಾಮಾನ್ಯವಾಗಿ 20 ದಿನ ಮಾತ್ರ.

ಉತ್ತರ 3:
ಮೈಸೂರಿನ ಮನೆಯ ಮಾತನ್ನು ಯಾರೂ ಎತ್ತಲಿಲ್ಲ. ಕಂತು ತಪ್ಪದಿರುವುದರಿಂದ ಆ ಸಾಲ ತೊಡಕಲ್ಲ. ಆದರೆ ಮನೆಯಲ್ಲಿ ನಿಮ್ಮ ಪಾಲಿದ್ದರೆ ಅದು ವಿದೇಶಿ ಆಸ್ತಿ, ಅರ್ಜಿಯ ಬೇರೊಂದು ವಿಭಾಗದಲ್ಲಿ ತೋರಿಸಬೇಕು. ಬಾಡಿಗೆ ಬರುತ್ತಿದ್ದರೆ ನಿಮ್ಮ ಪಾಲನ್ನು ಅಮೆರಿಕದ ತೆರಿಗೆ ರಿಟರ್ನ್‌ನಲ್ಲಿ ತೋರಿಸಿದ್ದೀರಾ? ಭಾರತದ ಖಾತೆಗಳಲ್ಲಿನ ಒಟ್ಟು ಹಣ ವರ್ಷದ ಯಾವುದೇ ದಿನ 10,000 ಡಾಲರ್ ಮೀರಿದ್ದರೆ ಎಫ್‌ಬಿಎಆರ್ (ವಿದೇಶಿ ಖಾತೆಗಳ ಬಗ್ಗೆ ಅಮೆರಿಕ ಸರ್ಕಾರಕ್ಕೆ ಕೊಡುವ ವರದಿ) ಸಲ್ಲಿಸಿದ್ದೀರಾ? ನಮ್ಮವರು ಕಾರ್ಡ್ ಸಾಲಕ್ಕೆ ಹೆದರುವಷ್ಟು ಇದಕ್ಕೆ ಹೆದರುವುದಿಲ್ಲ, ಆದರೆ ತೆರಿಗೆಯ ಲೋಪವೂ ಅದೇ ಗೈಡ್‌ಲೈನ್ ಎಫ್ ಅಡಿಯಲ್ಲೇ ಬರುತ್ತದೆ.

ಪ್ರಶ್ನೆ ಕೇಳಿದವರು:
ಮೇಲಿನ ಮಹಡಿಯ ಬಾಡಿಗೆ ತಂದೆಯವರ ಖಾತೆಗೆ ಹೋಗುತ್ತದೆ, ಆದರೆ ಆ ಖಾತೆಯಲ್ಲಿ ನನ್ನ ಹೆಸರೂ ಇದೆ. ಅರ್ಜಿ ಸಲ್ಲಿಸುವ ಮೊದಲು ತೆರಿಗೆ ಸಲಹೆಗಾರರನ್ನು ಕಾಣುತ್ತೇನೆ.