ಐದು ದಿನ, 26 ವ್ಯಾಯಾಮ: ಯಾವುದನ್ನು ಉಳಿಸೋದು, ಯಾವುದನ್ನು ಬಿಡೋದು?

ಅರ್ಧಬಸ್ಕಿ

ಜಿಮ್‌ನಲ್ಲಿ ಕೊಟ್ಟಿರುವ ಪಟ್ಟಿ ಇದು.

ಸೋಮವಾರ ಎದೆ: ಫ್ಲ್ಯಾಟ್, ಇನ್‌ಕ್ಲೈನ್, ಡಿಕ್ಲೈನ್ ಪ್ರೆಸ್, ಪೆಕ್ ಡೆಕ್, ಕೇಬಲ್ ಫ್ಲೈ.
ಮಂಗಳವಾರ ಬೆನ್ನು: ಪುಲ್‌ಡೌನ್ ಎರಡು ಥರ, ಸೀಟೆಡ್ ರೋ, ಡಂಬೆಲ್ ರೋ, ಹೈಪರ್ ಎಕ್ಸ್‌ಟೆನ್ಶನ್.
ಬುಧವಾರ ಭುಜ: ಓವರ್‌ಹೆಡ್ ಪ್ರೆಸ್, ಆರ್ನಾಲ್ಡ್ ಪ್ರೆಸ್, ಫ್ರಂಟ್ ರೈಸ್, ಲ್ಯಾಟರಲ್ ರೈಸ್, ಶ್ರಗ್.
ಗುರುವಾರ ತೋಳು: ಬಾರ್ಬೆಲ್ ಕರ್ಲ್, ಪ್ರೀಚರ್, ಕಾನ್ಸಂಟ್ರೇಶನ್, ಹ್ಯಾಮರ್, ಪುಷ್‌ಡೌನ್, ಕಿಕ್‌ಬ್ಯಾಕ್, ಬೆಂಚ್ ಡಿಪ್.
ಶುಕ್ರವಾರ ಕಾಲು: ಸ್ಕ್ವಾಟ್, ಲೆಗ್ ಪ್ರೆಸ್, ಲಂಜ್, ಕೂತು ಮಾಡುವ ಕಾಫ್ ರೈಸ್.

ಎಲ್ಲವೂ 15ರಂತೆ 3 ಸೆಟ್, ನಡುವೆ 45 ಸೆಕೆಂಡ್ ವಿಶ್ರಾಂತಿ. ಮಾಂಸಖಂಡಕ್ಕೆ ಅಭ್ಯಾಸ ಆಗಿಬಿಡಬಾರದು ಅಂತ ಎರಡು ವಾರಕ್ಕೊಮ್ಮೆ ಪಟ್ಟಿ ಬದಲಾಗುತ್ತೆ. ವಾರಕ್ಕೆ ಮೂರೇ ದಿನ, ಒಂದೊಂದು ಗಂಟೆ ಸಿಗೋದಾದರೆ ಇದರಲ್ಲಿ ಏನು ಉಳಿಸಬೇಕು? ಬರೀ ಪಟ್ಟಿ ಬೇಡ, ಕಾರಣವೂ ಬೇಕು. ಕಾರಣ ಗೊತ್ತಿದ್ದರೆ ಮುಂದಿನ ಸಲ ಪಟ್ಟಿಯನ್ನು ನಾನೇ ಬರ್ಕೋಬಹುದು.

---

ಕಬ್ಬಿಣದ_ಕಡಲೆ

ವ್ಯಾಯಾಮದ ಹೆಸರುಗಳನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಮಾಂಸಖಂಡಕ್ಕೆ ಬರುವ ಕೆಲಸ ಒಂದೇ, ಎಳೆಯೋದು. ತಳ್ಳೋದು ಅದಕ್ಕೆ ಗೊತ್ತೇ ಇಲ್ಲ. ಬೆಂಚ್ ಪ್ರೆಸ್‌ನಲ್ಲಿ ನೀವು ತಳ್ಳುತ್ತಿದ್ದೀರಿ ಅನ್ನಿಸಿದರೂ ಎದೆಯ ಖಂಡ ರಟ್ಟೆಯ ಮೂಳೆಯನ್ನು ಒಳಕ್ಕೆ ಎಳೆಯುತ್ತಿರುತ್ತೆ, ರಟ್ಟೆಯ ಹಿಂಬದಿಯ ಟ್ರೈಸೆಪ್ಸ್ ಮೊಣಕೈಯ ಹಿಂದಿನ ತುದಿಯನ್ನು ಎಳೆದು ಕೈ ನೆಟ್ಟಗೆ ಮಾಡುತ್ತಿರುತ್ತೆ. ಹಾಗಾಗಿ ಪ್ರತಿ ವ್ಯಾಯಾಮಕ್ಕೂ ಎರಡು ಪ್ರಶ್ನೆ ಹಾಕಿ: ಯಾವ ಕೀಲು ಯಾವ ಕಡೆಗೆ ತಿರುಗುತ್ತಿದೆ? ಭಾರ ಅತಿ ಹೆಚ್ಚು ಅನ್ನಿಸುವ ಹೊತ್ತಿಗೆ ಖಂಡ ಹಿಗ್ಗಿದೆಯೋ, ಮುದುಡಿದೆಯೋ? ಎರಡಕ್ಕೂ ಒಂದೇ ಉತ್ತರ ಬರುವ ವ್ಯಾಯಾಮಗಳು ಅಣ್ಣ ತಮ್ಮಂದಿರು. ಒಬ್ಬನನ್ನು ಇಟ್ಟುಕೊಂಡರೆ ಸಾಕು.

ಈ ಜರಡಿಗೆ ನಿಮ್ಮ ಪಟ್ಟಿ ಹಾಕಿದರೆ ಫ್ಲ್ಯಾಟ್ ಮತ್ತು ಡಿಕ್ಲೈನ್ ಒಂದೇ, ಪೆಕ್ ಡೆಕ್ ಮತ್ತು ಕೇಬಲ್ ಫ್ಲೈ ಒಂದೇ. ಇನ್‌ಕ್ಲೈನ್ ಇರಲಿ, ಕಾಲರ್ ಮೂಳೆಯಿಂದ ಹೊರಡುವ ಮೇಲಿನ ಎಳೆಗಳಿಗೆ ಅದು ಬೇಕು. ಫ್ರಂಟ್ ರೈಸ್ ಕಿತ್ತುಹಾಕಿ, ಭುಜದ ಮುಂಭಾಗಕ್ಕೆ ಎಲ್ಲ ಪ್ರೆಸ್‌ಗಳಲ್ಲೂ ದುಡಿಮೆ ಸಿಗುತ್ತೆ. ಆರ್ನಾಲ್ಡ್ ಪ್ರೆಸ್ ಕೂಡ ಹೋಗಲಿ. ನಾಲ್ಕು ಕರ್ಲ್‌ಗಳಲ್ಲಿ ಒಂದು ಸಾಕು. ಕಿಕ್‌ಬ್ಯಾಕ್‌ನಲ್ಲಿ ಭಾರ ತಾಗೋದೇ ಟ್ರೈಸೆಪ್ಸ್ ಪೂರ್ತಿ ಮುದುಡಿದ ಮೇಲೆ, ಅದೂ ಬೇಡ.

ಇಷ್ಟೆಲ್ಲ ಇದ್ದೂ ಪಟ್ಟಿಯಲ್ಲಿ ದೊಡ್ಡ ತೂತುಗಳಿವೆ. ಅವು ಇರೋದು ಎರಡು ಕೀಲು ದಾಟುವ ಖಂಡಗಳ ಹತ್ತಿರ.

ಈಗಲೇ ಒಂದು ಮಾಡಿ ನೋಡಿ. ಮಣಿಕಟ್ಟನ್ನು ಒಳಗಡೆಗೆ ಪೂರ್ತಿ ಬಗ್ಗಿಸಿ, ಹಾಗೇ ಇಟ್ಟುಕೊಂಡು ಮುಷ್ಟಿ ಬಿಗಿಯಾಗಿ ಹಿಡಿಯಿರಿ. ಹಿಡಿತವೇ ಬರಲ್ಲ, ಒಂದು ಪೆನ್ನು ಕೊಟ್ಟರೂ ಯಾರಾದರೂ ಸುಲಭವಾಗಿ ಕಿತ್ತುಕೊಳ್ಳುತ್ತಾರೆ. ಮಣಿಕಟ್ಟು ನೆಟ್ಟಗೆ ಮಾಡಿದ ತಕ್ಷಣ ಬಲ ವಾಪಸ್ ಬರುತ್ತೆ. ಬೆರಳು ಮಡಚುವ ಖಂಡಗಳು ಮುಂಗೈಯಲ್ಲಿ ಕೂತು ಮಣಿಕಟ್ಟನ್ನು ದಾಟಿ ಬೆರಳಿಗೆ ಹೋಗುತ್ತವೆ. ಎರಡೂ ಕಡೆ ಮುದುಡಿದಾಗ ಒಳಗಿನ ಆಕ್ಟಿನ್, ಮಯೋಸಿನ್ ತಂತುಗಳು ಒಂದರ ಮೇಲೊಂದು ಏರಿ, ಎಳೆಯಲು ಜಾಗವೇ ಉಳಿಯಲ್ಲ.

ಕೂತು ಮಾಡುವ ಕಾಫ್ ರೈಸ್‌ನಲ್ಲಿ ಆಗೋದೂ ಇದೇ. ಮೀನಖಂಡದ ಮೇಲಿನ ಖಂಡ, ಗ್ಯಾಸ್ಟ್ರಾಕ್ನೀಮಿಯಸ್, ಮಂಡಿಯ ಮೇಲಿಂದ ಶುರುವಾಗುತ್ತೆ. ಮಂಡಿ ಮಡಚಿ ಕೂತರೆ ಅದು ಸಡಿಲ, ಭಾರವೆಲ್ಲ ಕೆಳಗಿನ ಸೋಲಿಯಸ್‌ಗೆ. ನಿಂತು ಮಾಡಿದರೆ ಎರಡಕ್ಕೂ ಕೆಲಸ. ಟ್ರೈಸೆಪ್ಸ್‌ನ ಉದ್ದ ತಲೆ ಹೆಗಲ ಮೂಳೆಯಿಂದ ಹೊರಡುವುದರಿಂದ ಕೈ ತಲೆಯ ಮೇಲಿದ್ದಾಗಲೇ ಅದು ಚೆನ್ನಾಗಿ ಹಿಗ್ಗೋದು. ಪುಷ್‌ಡೌನ್ ಬದಲು ಓವರ್‌ಹೆಡ್ ಎಕ್ಸ್‌ಟೆನ್ಶನ್ ಹಾಕಿ.

ಎ ಮತ್ತು ಬಿ ಅಂತ ಎರಡು ದಿನದ ಪಾಠ ಮಾಡಿ, ವಾರಕ್ಕೆ ಮೂರು ಸಲ ಅದಲು ಬದಲು:

ಎ: ಸ್ಕ್ವಾಟ್ 3 ಸೆಟ್, ಬೆಂಚ್ ಪ್ರೆಸ್ 3, ಡಂಬೆಲ್ ರೋ 3, ಸೀಟೆಡ್ ಲೆಗ್ ಕರ್ಲ್ 2, ನಿಂತು ಕಾಫ್ ರೈಸ್ 3.
ಬಿ: ರೊಮೇನಿಯನ್ ಡೆಡ್‌ಲಿಫ್ಟ್ (ಬಾರ್ ಹಿಡಿದು ಸೊಂಟದಿಂದ ಬಗ್ಗಿ ಏಳೋದು) 3, ಓವರ್‌ಹೆಡ್ ಪ್ರೆಸ್ 3, ಪುಲ್‌ಡೌನ್ 3, ಲೆಗ್ ಎಕ್ಸ್‌ಟೆನ್ಶನ್ 2, ಲ್ಯಾಟರಲ್ ರೈಸ್ 2, ಕರ್ಲ್ 2, ಓವರ್‌ಹೆಡ್ ಎಕ್ಸ್‌ಟೆನ್ಶನ್ 2.

---

ಮೀನಖಂಡ

ಮೇಲಿನದಕ್ಕೆ ಒಂದು ತಿದ್ದುಪಡಿ, ಒಂದು ಸೇರ್ಪಡೆ.

ತಿದ್ದುಪಡಿ ಎದೆಯ ಲೆಕ್ಕದಲ್ಲಿ. ಎ ದಿನ ವಾರಕ್ಕೆ ಸರಾಸರಿ ಒಂದೂವರೆ ಸಲ ಬರುತ್ತೆ, ಅಂದರೆ ಎದೆಗೆ ನೇರವಾಗಿ ನಾಲ್ಕೂವರೆ ಸೆಟ್. ಹೊಸಬರಿಗೆ ನಡೆಯುತ್ತೆ, ಒಂದು ವರ್ಷ ಮಾಡಿದವರಿಗೆ ಸಾಲದು. ಇನ್‌ಕ್ಲೈನ್ ಉಳಿಸಿ ಅಂದವರೇ ಪಟ್ಟಿಯಲ್ಲಿ ಅದನ್ನು ಬಿಟ್ಟಿದ್ದಾರೆ! ಬಿ ದಿನದ ಓವರ್‌ಹೆಡ್ ಪ್ರೆಸ್ ತೆಗೆದು ಇನ್‌ಕ್ಲೈನ್ ಡಂಬೆಲ್ ಪ್ರೆಸ್ 3 ಸೆಟ್ ಹಾಕಿದರೆ 9 ಆಗುತ್ತೆ. ಭುಜದ ಮುಂಭಾಗಕ್ಕೂ ಅದೇ ಸಾಕು, ಪಕ್ಕದ ಭಾಗಕ್ಕೆ ಲ್ಯಾಟರಲ್ ರೈಸ್ ಇದ್ದೇ ಇದೆ.

ಸೇರ್ಪಡೆ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂದಿನ ಖಂಡದ ಬಗ್ಗೆ. "ಸ್ಕ್ವಾಟ್ ಮಾಡಿದರೆ ಕಾಲು ಪೂರ್ತಿ ಆಯ್ತು" ಅನ್ನೋದು ಬಹಳ ಜನರ ನಂಬಿಕೆ. ಕೂರುವಾಗ ಹ್ಯಾಮ್‌ಸ್ಟ್ರಿಂಗ್ ಸೊಂಟದ ಕಡೆ ಹಿಗ್ಗುತ್ತೆ, ಮಂಡಿಯ ಕಡೆ ಸಡಿಲವಾಗುತ್ತೆ. ಏಳುವಾಗ ಇದರ ಉಲ್ಟಾ. ಒಟ್ಟು ಉದ್ದ ಹೆಚ್ಚು ಕಡಿಮೆ ಅಲ್ಲೇ ಇರುತ್ತೆ. ತೊಡೆಯ ಮುಂದಿನ ರೆಕ್ಟಸ್ ಫೆಮೊರಿಸ್ ಕಥೆಯೂ ಅದೇ. ಜಪಾನಿನಲ್ಲಿ 10 ವಾರ ಸ್ಕ್ವಾಟ್ ಮಾಡಿಸಿ ಸ್ಕ್ಯಾನ್ ಮಾಡಿ ನೋಡಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯ್ತು: ಈ ಎರಡೂ ಖಂಡಗಳು ಹೇಳಿಕೊಳ್ಳುವಷ್ಟು ಬೆಳೆದಿರಲಿಲ್ಲ, ಪೂರ್ತಿ ಕೂತವರಲ್ಲೂ ಅಷ್ಟೇ, ಅರ್ಧ ಕೂತವರಲ್ಲೂ ಅಷ್ಟೇ. ಪೃಷ್ಠ ಮತ್ತು ಒಳತೊಡೆ ಮಾತ್ರ ಪೂರ್ತಿ ಕೂತವರಲ್ಲಿ ಹೆಚ್ಚು ಬೆಳೆದಿದ್ದವು. ಅದಕ್ಕೇ ಲೆಗ್ ಕರ್ಲ್ ಮತ್ತು ಎಕ್ಸ್‌ಟೆನ್ಶನ್ ಬೇರೆಯಾಗಿ ಬೇಕಾಗೋದು. ಮಲಗಿ ಮಾಡುವ ಕರ್ಲ್‌ಗಿಂತ ಕೂತು ಮಾಡುವುದು ಮೇಲು, ಸೊಂಟ ಬಗ್ಗಿರುವುದರಿಂದ ಖಂಡ ಮೊದಲೇ ಹಿಗ್ಗಿರುತ್ತೆ.

---

ಅರ್ಧಬಸ್ಕಿ

ಅರ್ಥ ಆಗ್ತಿದೆ. ಇನ್ನೂ ಮೂರು ಅನುಮಾನ. 15 ಸಲ ಸರಿಯಾ, ಇಲ್ಲ ಭಾರ ಹಾಕಿ 5 ಸಲವಾ? ಗರಡಿಗಳಲ್ಲಿ ನೂರಾರು ಬಸ್ಕಿ ಹೊಡೆಯುತ್ತಾರಲ್ಲ, ಅದು ಯಾವ ಲೆಕ್ಕ? ಪಟ್ಟಿ ಬದಲಿಸಿದಾಗ ಮೈ ಚೆನ್ನಾಗಿ ನೋಯುತ್ತೆ, ಅಂದರೆ ಕೆಲಸ ಆಗಿದೆ ಅಂತ ಅಲ್ವಾ?

---

ಗರಡಿಮಣ್ಣು

ಕೊನೆಯದನ್ನು ಮೊದಲು ಮುಗಿಸ್ತೀನಿ. ಅಲ್ಲ. ನೋವು ಹೊಸತನದ ಗುರುತು, ಬೆಳವಣಿಗೆಯದ್ದಲ್ಲ. ಪರಿಚಯವಿಲ್ಲದ ಚಲನೆಯಲ್ಲಿ, ಅದರಲ್ಲೂ ಭಾರವನ್ನು ಇಳಿಸುವ ಹಂತದಲ್ಲಿ, ಎಳೆಗಳಿಗೆ ಸಣ್ಣ ಪೆಟ್ಟು ಬೀಳುತ್ತೆ. ನೋವು 24ರಿಂದ 72 ಗಂಟೆಯೊಳಗೆ ಜೋರಾಗಿರುತ್ತೆ. ಅದೇ ಚಲನೆಯನ್ನು ಮುಂದಿನ ವಾರ ಮತ್ತೆ ಮಾಡಿ, ಅರ್ಧವೂ ನೋಯಲ್ಲ. ಎರಡು ವಾರಕ್ಕೊಮ್ಮೆ ಪಟ್ಟಿ ಬದಲಿಸುವವರು ನಿಮಗೆ ಕೊಡುತ್ತಿರುವುದು ಹೊಸ ನೋವು ಮಾತ್ರ. ಜೊತೆಗೆ, ಕಳೆದ ತಿಂಗಳಿಗಿಂತ ಈ ತಿಂಗಳು ಎಷ್ಟು ಹೆಚ್ಚು ಎತ್ತಿದಿರಿ ಅಂತ ಹೋಲಿಸಿ ನೋಡುವ ದಾರಿಯೂ ಮುಚ್ಚಿಹೋಗುತ್ತೆ. (ನೋವಿನ ಜೊತೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅದು ಬೇರೆ ವಿಷಯ. ತಡಮಾಡದೆ ಆಸ್ಪತ್ರೆಗೆ ಹೋಗಿ.)

ಎಷ್ಟು ಸಲ ಅನ್ನೋದಕ್ಕೆ ನರಗಳ ಕಡೆ ನೋಡಬೇಕು. ಒಂದು ನರಕೋಶ ಮತ್ತು ಅದು ಆಳುವ ಎಳೆಗಳ ಗುಂಪು ಸೇರಿ ಒಂದು ಮೋಟಾರ್ ಯೂನಿಟ್. ಮೈ ಜಿಪುಣ. ಚಿಕ್ಕ ಗುಂಪುಗಳನ್ನು ಮೊದಲು ಕೆಲಸಕ್ಕೆ ಕರೆಯುತ್ತೆ, ಸಾಲದೆ ಬಂದಾಗ ಮಾತ್ರ ದೊಡ್ಡವನ್ನು ಎಬ್ಬಿಸುತ್ತೆ. ಎಲ್ವುಡ್ ಹೆನ್ನೆಮನ್ ಕಂಡುಕೊಂಡ ಗಾತ್ರದ ನಿಯಮ ಇದು. ಚೆನ್ನಾಗಿ ಬೆಳೆಯಬಲ್ಲ ಎಳೆಗಳು ಇರೋದು ಆ ದೊಡ್ಡ ಗುಂಪುಗಳಲ್ಲೇ. ಭಾರ ಹೆಚ್ಚಿದ್ದರೆ ಅವು ಮೊದಲ ಸಲಕ್ಕೇ ಎದ್ದಿರುತ್ತವೆ. ಹಗುರವಿದ್ದರೆ ಚಿಕ್ಕವು ದಣಿದ ಮೇಲೆ, ಕೊನೆಯ ನಾಲ್ಕೈದು ಸಲದಲ್ಲಿ ಏಳುತ್ತವೆ. ಹಾಗಾಗಿ ಗಾತ್ರ ಬೆಳೆಸಲು 5ರಿಂದ 30ರವರೆಗೆ ಯಾವುದಾದರೂ ನಡೆಯುತ್ತೆ, ಸೆಟ್ ನಿಲ್ಲಿಸುವಾಗ ಇನ್ನು ಒಂದೋ ಎರಡೋ ಸಲಕ್ಕಷ್ಟೇ ಕಸುವು ಉಳಿದಿರಬೇಕು. 15 ಅಂತ ಹೇಳಿದ್ದಾರೆ ಅಂತ 25 ಆಗುವ ಭಾರದಲ್ಲಿ 15ಕ್ಕೆ ನಿಲ್ಲಿಸಿದರೆ ದೊಡ್ಡವು ಮಲಗೇ ಇರುತ್ತವೆ. ಬಹುತೇಕರು ಎಡವೋದು ಇಲ್ಲಿ. ಗಾತ್ರವಲ್ಲ, ಎತ್ತುವ ಬಲವೇ ಗುರಿ ಅಂದರೆ ಭಾರ ಬೇಕೇ ಬೇಕು, 3ರಿಂದ 6 ಸಲ.

45 ಸೆಕೆಂಡ್ ವಿಶ್ರಾಂತಿಯೂ ತಪ್ಪು. ಖಂಡಕ್ಕೆ ತಕ್ಷಣದ ಶಕ್ತಿ ಕೊಡುವ, ಒಳಗೇ ಇರುವ ಫಾಸ್ಫೋಕ್ರಿಯಾಟಿನ್ ಬಹುಪಾಲು ತುಂಬಿಕೊಳ್ಳಲು ಎರಡು ಮೂರು ನಿಮಿಷ ಹಿಡಿಯುತ್ತೆ. ಅದಕ್ಕೆ ಮೊದಲೇ ಹೊರಟರೆ ಖಂಡ ದಣಿಯುವ ಮುಂಚೆ ಉಸಿರು ಸೋಲುತ್ತೆ. ಸ್ಕ್ವಾಟ್, ಡೆಡ್‌ಲಿಫ್ಟ್‌ಗೆ ಮೂರು ನಿಮಿಷ, ಕರ್ಲ್‌ಗೆ ಒಂದೂವರೆ.

ಬಸ್ಕಿ ವಿಷಯ. ಶುರುವಿನಲ್ಲಿ 20 ಬಸ್ಕಿಗೇ ತೊಡೆ ನಡುಗುತ್ತೆ, ಆಗ ಅದು ನಿಜಕ್ಕೂ ಬಲದ ವ್ಯಾಯಾಮ. 60 ದಾಟಿದ ಮೇಲೆ ಅದು ದಮ್ಮಿನ ವ್ಯಾಯಾಮ. ಪೈಲ್ವಾನರಿಗೆ ದಮ್ಮೂ ಬೇಕು, ಅವರು ಮಾಡೋದು ಸರಿ. ಬರೀ ತೊಡೆ ಬಲಿಯಬೇಕು ಅನ್ನುವವರು ಬೆನ್ನಿಗೆ 10 ಕಿಲೋ ಚೀಲ ಕಟ್ಟಿ, ಇಳಿಯಲು ಮೂರು ಸೆಕೆಂಡ್ ತಗೊಂಡು 15 ಹೊಡೆಯಲಿ. ಅದೂ ಹಗುರವಾದರೆ ಹಿಂಗಾಲನ್ನು ಮಣೆಯ ಮೇಲಿಟ್ಟು ಒಂದು ಕಾಲಲ್ಲಿ.

---

ಮೀನಖಂಡ

ರೊಮೇನಿಯನ್ ಡೆಡ್‌ಲಿಫ್ಟ್ ಈ ಪಟ್ಟಿಗೆ ಹೊಸದು, ಕೆಡೋದೂ ಅದೇ ಹೆಚ್ಚು. ಹೀಗೆ ಮಾಡಿ:

ಗೋಡೆಗೆ ಬೆನ್ನು ಮಾಡಿ ಒಂದು ಗೇಣು ಮುಂದೆ ನಿಲ್ಲಿ. ಮಂಡಿ ತುಸು ಸಡಿಲಿಸಿ, ಆಮೇಲೆ ಅದನ್ನು ಅಲ್ಲೇ ಬಿಡಿ. ಕೈ ತುಂಬಾ ಸಾಮಾನಿದ್ದಾಗ ಹಿಂಬದಿಯಿಂದ ಬಾಗಿಲು ನೂಕುತ್ತೀವಲ್ಲ, ಹಾಗೆ ಪೃಷ್ಠವನ್ನು ಗೋಡೆಗೆ ತಾಗಿಸಿ. ತಾಗಿದರೆ ಎರಡು ಬೆರಳು ಮುಂದೆ ಹೋಗಿ ಮತ್ತೆ ಮಾಡಿ. ಇದು ರೂಢಿಯಾದ ಮೇಲೆ ಖಾಲಿ ಬಾರ್ ಹಿಡಿಯಿರಿ, ಒಲಿಂಪಿಕ್ ಬಾರ್ ಆದರೆ ಅದೇ 20 ಕಿಲೋ. ಬಾರ್ ತೊಡೆಗೆ ಸವರಿಕೊಂಡೇ ಇಳಿಯಬೇಕು. ನಾಲ್ಕು ಬೆರಳು ಮುಂದೆ ಹೋದರೂ ಸೊಂಟದಿಂದ ಭಾರದ ದೂರ ಹೆಚ್ಚಿ, ಹೊರೆ ಕೆಳಬೆನ್ನಿನ ಮೇಲೆ ಬೀಳುತ್ತೆ. ಎಲ್ಲಿಯವರೆಗೆ ಇಳಿಸೋದು? ಪೃಷ್ಠ ಹಿಂದೆ ಸರಿಯೋದು ನಿಂತ ಜಾಗಕ್ಕೆ ಮುಗಿಯಿತು. ಹೆಚ್ಚಿನವರಿಗೆ ಅದು ಮಂಡಿಗಿಂತ ಸ್ವಲ್ಪ ಕೆಳಗೆ. ಅಲ್ಲಿಂದ ಕೆಳಕ್ಕೆ ಹೋದದ್ದೆಲ್ಲ ಬೆನ್ನು ಬಾಗಿಯೇ ಹೋಗಿರುತ್ತೆ. ಉಸಿರು ಮೇಲೆ ತಗೊಳ್ಳಿ, ಹೊಟ್ಟೆ ಬಿಗಿ ಮಾಡಿ ಇಳಿಯಿರಿ, ಎದ್ದಮೇಲೆ ಬಿಡಿ. ರಕ್ತದೊತ್ತಡ ಇರುವವರು ಉಸಿರು ಕಟ್ಟಬಾರದು, ಏಳುತ್ತಲೇ ಬಿಡುತ್ತಾ ಬರಲಿ.

---

ಅರ್ಧಬಸ್ಕಿ

ಪುಲ್‌ಡೌನ್‌ನಲ್ಲಿ ಬೆನ್ನಿಗಿಂತ ಮೊದಲೇ ಮುಂಗೈ ಸೋಲುತ್ತೆ. ಅದಕ್ಕೇನು? ಭಾರ ಯಾವಾಗ ಏರಿಸೋದು?

---

ಕಬ್ಬಿಣದ_ಕಡಲೆ

ಇನ್‌ಕ್ಲೈನ್ ತಿದ್ದಿದ್ದಕ್ಕೆ @ಮೀನಖಂಡ ಅವರಿಗೆ ಥ್ಯಾಂಕ್ಸ್.

ಮುಂಗೈ ಸೋತರೆ ಸ್ಟ್ರ್ಯಾಪ್ (ಮಣಿಕಟ್ಟನ್ನು ಬಾರಿಗೆ ಬಿಗಿಯುವ ಪಟ್ಟಿ) ಕಟ್ಟಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಬಾರನ್ನು ಎಳೆಯೋದು ಬೇಡ, ಮೊಣಕೈಯನ್ನು ಪ್ಯಾಂಟಿನ ಹಿಂದಿನ ಜೇಬಿಗೆ ಇಳಿಸುತ್ತಿದ್ದೀನಿ ಅಂದುಕೊಳ್ಳಿ. ಬೆನ್ನಲ್ಲಿ ಏನೂ ಗೊತ್ತಾಗಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ರಟ್ಟೆ ಮೇಲಿಂದ ಕೆಳಗೆ ಬಂದಿದೆ, ಭಾರ ಇತ್ತು ಅಂದಮೇಲೆ ಬೆನ್ನಿನ ಅಗಲವಾದ ಖಂಡ ಲ್ಯಾಟ್ ದುಡಿಯದೆ ಬೇರೆ ದಾರಿ ಇಲ್ಲ.

ಭಾರಕ್ಕೆ: 8ರಿಂದ 12 ಅಂತ ಇಟ್ಟುಕೊಳ್ಳಿ. ಮೂರೂ ಸೆಟ್‌ನಲ್ಲಿ 12 ಬಂದ ದಿನ, ಮುಂದಿನ ಸಲ ಎರಡೂ ಕಡೆ 1.25ರ ಪ್ಲೇಟ್, ಒಟ್ಟು 2.5 ಕಿಲೋ ಏರಿಸಿ. ಡಂಬೆಲ್‌ನಲ್ಲಿ ಈ ಲೆಕ್ಕ ಕೆಡುತ್ತೆ. 10ರಿಂದ 12.5ಕ್ಕೆ ಹೋದರೆ ಒಂದೇ ಏಟಿಗೆ ಶೇ. 25 ಜಿಗಿತ. ಅಲ್ಲಿ 8ರಿಂದ 16 ಅಂತ ಅಗಲ ಮಾಡಿಕೊಳ್ಳಿ. ಲ್ಯಾಟರಲ್ ರೈಸ್‌ಗೆ 20ರವರೆಗೂ ಹೋಗಬಹುದು. ಅಲ್ಲಿ ಭಾರ ಭುಜದಿಂದ ಸುಮಾರು 60 ಸೆಂಟಿಮೀಟರ್ ದೂರ ಇರುತ್ತೆ. 5 ಕಿಲೋ ಹಗುರ ಅಂತ 10 ಎತ್ತಿಕೊಂಡವರು ಮೊಣಕೈ ಮಡಚಿ ದೂರವನ್ನು ಅರ್ಧ ಮಾಡಿಕೊಂಡಿರುತ್ತಾರೆ, ಭುಜಕ್ಕೆ ಸಿಕ್ಕಿದ್ದು ಹಳೆಯ ಐದೇ.

ಮೊದಲ ಎರಡು ತಿಂಗಳು ಭಾರ ಸರಸರ ಏರುತ್ತೆ. ಅದರಲ್ಲಿ ಹೆಚ್ಚಿನ ಪಾಲು ನರಗಳು ಕಲಿತದ್ದು. ಖಂಡವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಇಷ್ಟು ಬೇಗ ಗಟ್ಟಿಯಾಗಲ್ಲ. ಮಂಡಿ ಚಿಪ್ಪಿನ ಕೆಳಗೆ ಅಥವಾ ಮೊಣಕೈಯಲ್ಲಿ ಬೆರಳಿಟ್ಟು ತೋರಿಸಬಹುದಾದಂಥ ನೋವು ಶುರುವಾದರೆ ಎರಡು ವಾರ ಭಾರ ಏರಿಸಬೇಡಿ, ಸೆಟ್ ಒಂದು ಕಡಿಮೆ ಮಾಡಿ, ಇಳಿಸುವುದನ್ನು ನಿಧಾನ ಮಾಡಿ. ಆದರೂ ಬಿಡದಿದ್ದರೆ ಫಿಸಿಯೋಗೆ ತೋರಿಸಿ.

---

ಗರಡಿಮಣ್ಣು

ಊಟದ ಬಗ್ಗೆ ಯಾರೂ ಕೇಳಿಲ್ಲ, ಆದರೂ ಒಂದು ಲೆಕ್ಕ ಹಾಕಿಟ್ಟಿರಿ. ಕಿಲೋ ತೂಕಕ್ಕೆ ದಿನಕ್ಕೆ 1.6 ಗ್ರಾಂ ಪ್ರೋಟೀನ್, 65 ಕಿಲೋ ಇದ್ದರೆ ಹತ್ತಿರ ಹತ್ತಿರ 104 ಗ್ರಾಂ. ಮುದ್ದೆ, ಅನ್ನ, ತಿಳಿಸಾರಿನಲ್ಲಿ ಇದು ಕೂಡಿಬರಲ್ಲ. ಒಂದು ಮೊಟ್ಟೆಗೆ ಸುಮಾರು 6 ಗ್ರಾಂ, 100 ಗ್ರಾಂ ಪನೀರ್‌ಗೆ ಸುಮಾರು 18, ಒಣ ಸೋಯಾ ಚಂಕ್ಸ್ 50 ಗ್ರಾಂಗೆ ಸುಮಾರು 26. ಸಾರಿಗೆ ಹಾಕುವ ಬೇಳೆಯನ್ನು ದುಪ್ಪಟ್ಟು ಮಾಡಿದರೂ ಒಂದಷ್ಟು ಮುಂದೆ ಹೋಗುತ್ತೀರಿ.