ಪದಚರ್ಚೆ: ದೊಡ್ಡವರ ಸಂಜೆ ತರಗತಿಯ ಫಲಕಕ್ಕೆ, ಕೈಪಿಡಿಗೆ ಪದ ಬೇಕು. ಗುರುವಾರ ಪೇಂಟರ್ ಬರುತ್ತಾರೆ

ಪ್ರಶ್ನೆ, ಮದ್ದೂರಿನಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಪಂಚಾಯಿತಿ ಕಟ್ಟಡದಲ್ಲಿ ದೊಡ್ಡವರಿಗೆ ಓದು ಬರಹ ಕಲಿಸುವ ತರಗತಿ ಶುರುವಾಗುತ್ತಿದೆ. ಸಂಬಳವಿಲ್ಲದೆ ಕಲಿಸಲು ಬರುವವರಿಗೆಂದು ಇಂಗ್ಲಿಷ್ ಕೈಪಿಡಿಯೊಂದನ್ನು ಕನ್ನಡ ಮಾಡುತ್ತಿದ್ದೇವೆ. ಪುಟಪುಟದಲ್ಲೂ ಟ್ಯೂಟರ್, ಲರ್ನರ್ ಬರುತ್ತವೆ. ಇಲ್ಲಿ ಟ್ಯೂಟರ್ ಎಂದರೆ ಒಬ್ಬರನ್ನೋ ಮೂವರನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವವರು, ಬೋರ್ಡಿನ ಮುಂದೆ ನಿಂತು ಪಾಠ ಮಾಡುವವರಲ್ಲ. ಸದ್ಯಕ್ಕೆ ‘ಸ್ವಯಂಸೇವಕ ಬೋಧಕ’, ‘ಕಲಿಕಾರ್ಥಿ’ ಎಂದು ಇಟ್ಟುಕೊಂಡಿದ್ದೇವೆ. ಬಾಗಿಲ ಮೇಲೆ 4 ಅಡಿ ಅಗಲ, 2 ಅಡಿ ಎತ್ತರದ ಫಲಕ. ‘ವಯಸ್ಕರ ಶಿಕ್ಷಣ ಕೇಂದ್ರ’ ಎಂದು ಬರೆಸುವ ಯೋಚನೆ. ತಪ್ಪಿದ್ದರೆ ಈಗಲೇ ಹೇಳಿ.

ಉತ್ತರ, ಮೈಸೂರು ಸರಸ್ವತಿಪುರಂನಿಂದ:

‘ಕಲಿಕಾರ್ಥಿ’ ಅಸಾಧು. ಕಲಿಕೆ ಕನ್ನಡ, ಅರ್ಥಿ ಸಂಸ್ಕೃತ. ಎರಡನ್ನೂ ಹೊಂದಿಸಲು ಕಲಿಕೆಯನ್ನು ‘ಕಲಿಕಾ’ ಮಾಡಿದ್ದಾರೆ. ಸಂಸ್ಕೃತದಲ್ಲಿ ಕಲಿಕಾ ಎಂದರೆ ಮೊಗ್ಗು, ಹಾಗಾಗಿ ಅರ್ಥ ಮೊಗ್ಗನ್ನು ಬಯಸುವವನು ಎಂದಾಗುತ್ತದೆ. ಹೀಗೆ ಕನ್ನಡ, ಸಂಸ್ಕೃತ ಬೆರೆಸುವುದೇ ಅರಿಸಮಾಸ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಅದಕ್ಕೆ ವಿನಾಯಿತಿ ಕೊಟ್ಟದ್ದು ಬಿರುದಾವಳಿಯಂಥ ಕಡೆ. ಕೈಪಿಡಿಗೆ ಆ ವಿನಾಯಿತಿ ಇಲ್ಲ. ‘ವಿದ್ಯಾರ್ಥಿ’ ಇದೆ, ಬಳಸಿ.

ಉತ್ತರ, ಶ್ರೀರಂಗಪಟ್ಟಣದಿಂದ:

ಸಾರ್, ವ್ಯಾಕರಣ ಒಪ್ಪಿದೆ. ಆದರೆ ವಿದ್ಯಾರ್ಥಿ ಎಂದರೆ ನಮ್ಮ ಕಡೆ ಇಸ್ಕೂಲು ಹುಡುಗ. ಮೊಮ್ಮಕ್ಕಳಿರುವ ಹೆಂಗಸನ್ನು ಹಾಗೆ ಕರೆದರೆ ಮರುದಿನ ಬರುವುದಿಲ್ಲ. ‘ವಯಸ್ಕ’ ಅದಕ್ಕಿಂತ ಕಷ್ಟ. ಊರಲ್ಲಿ ಆ ಪದ ಉಳಿದಿರುವುದು ಸಿನಿಮಾ ಪೋಸ್ಟರಿನ ‘ವಯಸ್ಕರಿಗೆ ಮಾತ್ರ’ದಲ್ಲಿ. ಕೇಂದ್ರ ಸರ್ಕಾರವೂ 2022ರಲ್ಲಿ ನವ ಭಾರತ ಸಾಕ್ಷರತಾ ಕಾರ್ಯಕ್ರಮ ತಂದಾಗ ‘ವಯಸ್ಕರ ಶಿಕ್ಷಣ’ ಬಿಟ್ಟು ‘ಎಲ್ಲರಿಗೂ ಶಿಕ್ಷಣ’ ಎಂದಿತು, 15 ವರ್ಷ ತುಂಬಿದ ಎಲ್ಲ ಅನಕ್ಷರಸ್ಥರನ್ನೂ ಹಳೆಯ ಹೆಸರು ಒಳಗೊಳ್ಳುವುದಿಲ್ಲ ಎಂಬ ಕಾರಣಕ್ಕೆ.

‘ಪ್ರೇರಕ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ, ಬೇಡ. 2009ರ ಸಾಕ್ಷರ ಭಾರತ ಯೋಜನೆಯಲ್ಲಿ ಊರಿನ ಕಲಿಕೆ ಕೇಂದ್ರ ನೋಡಿಕೊಳ್ಳುತ್ತಿದ್ದ ಪ್ರೇರಕರಿಗೆ ತಿಂಗಳಿಗೆ 2,000 ರೂಪಾಯಿ ಗೌರವಧನವಿತ್ತು. ಯೋಜನೆ 2018ಕ್ಕೆ ನಿಂತರೂ ಪಂಚಾಯಿತಿಗಳಲ್ಲಿ ಆ ಹೆಸರು ಹುದ್ದೆಯಾಗಿಯೇ ನೆನಪಿದೆ, ದುಡ್ಡಿನ ನಿರೀಕ್ಷೆ ಹುಟ್ಟುತ್ತದೆ. ‘ಟ್ಯೂಟರ್’ ಎಂದರೆ ಟ್ಯೂಷನ್ ನೆನಪಾಗಿ ಫೀಸು ಎಷ್ಟು ಎಂದು ಕೇಳುತ್ತಾರೆ.

ಇನ್ನು ಫಲಕ. ಅದನ್ನು ಓದಬೇಕಾದವರು ಒಳಗೆ ಕೂರುವವರೇ ತಾನೆ? ‘ವಯಸ್ಕರ ಶಿಕ್ಷಣ ಕೇಂದ್ರ’ದಲ್ಲಿ ಸ್ಕ, ಕ್ಷ, ದ್ರ ಮೂರು ಒತ್ತು ಇವೆ. ಒತ್ತಕ್ಷರ ಬರುವುದು ಗುಣಿತ ಮುಗಿದ ಮೇಲೆ, ಅಲ್ಲಿಯವರೆಗೆ ತಮ್ಮ ತರಗತಿಯ ಹೆಸರೇ ಅವರಿಗೆ ಓದಲಾಗದು. ‘ಓದು ಬರಹದ ಮನೆ’ ಎಂದು ಬರೆಸಿ ನೋಡಿ. ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿಕಲಿ ಎಂಬ ಶಾಲಾ ಪದ್ಧತಿಯ ಅಕ್ಷರ ಕ್ರಮ ಹಿಡಿದರೆ ‘ರ ಗ ಸ ದ ಅ’, ‘ಜ ವ ಮ ಬ ನ’ ಈ ಎರಡು ಗುಂಪಿನಲ್ಲೇ ರ, ದ, ಮ, ಬ, ನ ಸಿಗುತ್ತವೆ. ಹೊಸದಾಗಿ ಹೇಳಿಕೊಡಬೇಕಾದದ್ದು ಓ, ಹ, ಒಂದು ಕೊಂಬು, ಒಂದು ಎತ್ವ, ಅಷ್ಟೇ. ಎಂಟೇ ಅಕ್ಷರವಾದ್ದರಿಂದ 4 ಅಡಿಯಲ್ಲಿ ಒಂದೇ ಸಾಲಿಗೆ 4 ಇಂಚಿನ ಅಕ್ಷರ ಕೂರುತ್ತದೆ. ಕೆಳಗಿನ ಸಾಲಿಗೆ ವಾರ, ಗಂಟೆ. ಪೇಂಟರ್‌ಗೆ ಶೇಡ್ ಹಾಕಬೇಡಿ ಎನ್ನಿ. ನೆರಳು ಬಿದ್ದರೆ ತಲಕಟ್ಟು, ಎತ್ವ ಒಂದರಂತೆ ಒಂದು ಕಾಣುತ್ತವೆ.

ಉತ್ತರ, ಮೈಸೂರು ಕುವೆಂಪುನಗರದಿಂದ:

ಮೇಲಿನವರ ಮಾತು ಸರಿ, ಆದರೆ ಅರ್ಧಕ್ಕೆ ನಿಂತಿದ್ದಾರೆ. ಟ್ಯೂಟರ್‌ಗೆ ‘ಕಲಿಸುಗ’, ಲರ್ನರ್‌ಗೆ ‘ಕಲಿಗ’ ಎನ್ನಿ. ಬೋಧಕ, ಸಾಕ್ಷರ, ಶಿಕ್ಷಣ ಎಲ್ಲವೂ ಕಡ ತಂದವು. ಮಂಡ್ಯದ ಬಾಯಲ್ಲಿ ಮಹಾಪ್ರಾಣವೇ ಇಲ್ಲ, ಭತ್ತ ಅಲ್ಲಿ ಬತ್ತವೇ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಬರಹದಿಂದಲೂ ಮಹಾಪ್ರಾಣ ತೆಗೆಯಿರಿ ಎಂದದ್ದು ಇಂಥವರ ಒಳಿತಿಗೇ. ದ ಕಲಿತವರ ಮುಂದೆ ಧ, ಥ, ಢ ತಂದು ಸುರಿಯುವುದು ಅನ್ಯಾಯ.

ಉತ್ತರ, ಸರಸ್ವತಿಪುರಂನಿಂದ:

‘ಕಲಿಸುಗ’ ಯಾರ ಬಾಯಲ್ಲೂ ಇಲ್ಲ. ಕಡ ತಂದದ್ದೆಲ್ಲ ಬೇಡವೆಂದರೆ ನಿಮ್ಮೂರಿನ ‘ಮೇಷ್ಟ್ರು’ ಎಲ್ಲಿಂದ ಬಂದರು, ಯೋಚಿಸಿ.

ಉತ್ತರ, ಕುವೆಂಪುನಗರದಿಂದ:

ಓದುಗ, ಕೇಳುಗ, ನೋಡುಗ ಒಪ್ಪುವವರು ಕಲಿಸುಗ ಒಪ್ಪದಿರಲು ವ್ಯಾಕರಣದ ಕಾರಣ ಕೊಡಿ. ಬಳಕೆಯಲ್ಲಿಲ್ಲ ಎಂಬುದು ಕಾರಣವಲ್ಲ. ಬಳಸಿದರೆ ಬಳಕೆಗೆ ಬರುತ್ತದೆ.

ಉತ್ತರ, ಶ್ರೀರಂಗಪಟ್ಟಣದಿಂದ:

ಇಬ್ಬರೂ ಕಲಿಯುವವರನ್ನು ಬಿಟ್ಟು ಮುಂದೆ ಹೋಗಿದ್ದೀರಿ. ಅವರು ಓದಬೇಕಾದದ್ದು ನಾವು ಸುಧಾರಿಸಿದ ಬರಹವನ್ನಲ್ಲ, ಈಗ ಗೋಡೆಯ ಮೇಲೆ, ಕಾಗದದ ಮೇಲೆ ಇರುವುದನ್ನು. ಬಸ್ಸಿನ ಹಣೆಯ ಮೇಲೆ ‘ಧರ್ಮಸ್ಥಳ’ ಎಂದೇ ಇರುತ್ತದೆ, ಬ್ಯಾಂಕಿನಲ್ಲಿ ‘ಪಾಸ್‌ಬುಕ್’, ‘ಖಾತೆ’ ಎಂದೇ. ಖ, ಧ, ಥ ಗುರುತಿಸಲು ಕಲಿಸಲೇಬೇಕು. ಬರೆಯುವಾಗ ಬತ್ತ ಎಂದು ಬರೆದರೆ ಕೆಂಪು ಗೆರೆ ಎಳೆಯಬೇಡಿ. ಓದುವುದಕ್ಕೆ ಒಂದು ಅಳತೆ, ಬರೆಯುವುದಕ್ಕೆ ಇನ್ನೊಂದು. ನವ ಭಾರತ ಸಾಕ್ಷರತಾ ಕಾರ್ಯಕ್ರಮದ ಪರೀಕ್ಷೆಯಲ್ಲೂ ಓದು, ಬರಹ, ಲೆಕ್ಕಕ್ಕೆ ಬೇರೆ ಬೇರೆಯಾಗಿ 50, ಒಟ್ಟು 150 ಅಂಕ.

ಕೈಪಿಡಿಯಲ್ಲಿ ರುಜುವಿನ ಪಾಠವಿದ್ದರೆ ಒಂದು ಎಚ್ಚರಿಕೆ ಸೇರಿಸಿ. ರುಜು ಕಲಿತವರಲ್ಲಿ ಅನೇಕರು ಅದನ್ನು ಚಿತ್ರದಂತೆ ಒಂದೇ ಎಳೆತದಲ್ಲಿ ಬಿಡಿಸುತ್ತಾರೆ. ‘ಜಯಮ್ಮ’ ಎಂದು ಬರೆದವರಿಗೆ ‘ಜನ’ದಲ್ಲಿನ ಜ ಗುರುತಾಗುವುದಿಲ್ಲ. ಹೆಸರಿನ ಒಂದೊಂದು ಅಕ್ಷರವನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಕಲೆಸಿ, ಅವರೇ ಜೋಡಿಸುವಂತೆ ಮಾಡಬೇಕು. ಆಮೇಲೆ ಅದೇ ಜ ಚೀಟಿ ಹಿಡಿದು ಬೇರೆ ಪದಕ್ಕೆ ಹೋಗಬೇಕು. ‘ಹೆಬ್ಬೆಟ್ಟು’ ಎಂಬ ಮಾತು ಕೈಪಿಡಿಯಲ್ಲಿ ಎಲ್ಲೂ ಬರದಿರಲಿ.

ಪ್ರಶ್ನೆ ಕೇಳಿದವರು:

ಫಲಕಕ್ಕೆ ‘ಓದು ಬರಹದ ಮನೆ’ ಗಟ್ಟಿ. ಕೈಪಿಡಿಯಲ್ಲಿ ‘ಕಲಿಸುವವರು’, ‘ಕಲಿಯುವವರು’ ಎಂದು ಹಾಕುತ್ತೇವೆ. ಗಂಡು ಹೆಣ್ಣು ಇಬ್ಬರಿಗೂ ಒಪ್ಪುತ್ತದೆ, ಬೋಧಕ, ಬೋಧಕಿ ಎಂದು ಎರಡೆರಡು ಸಲ ಬರೆಯುವುದು ತಪ್ಪುತ್ತದೆ. ಇಲಾಖೆಗೆ ಕಳಿಸುವ ಪಟ್ಟಿಯಲ್ಲಿ ಮಾತ್ರ ಅವರ ಪದವೇ ಇರಲಿ.

ಉತ್ತರ, ಸರಸ್ವತಿಪುರಂನಿಂದ:

ಎರಡೂ ಸಾಧು. ಆದರೆ ಸು ಒಂದು, ಯು ಒಂದು ಬಿಟ್ಟರೆ ಎರಡು ಪದವೂ ಒಂದೇ ರೂಪ, ಎರಡೂ ಬಹುವಚನ. ಇಂಗ್ಲಿಷಿನ ಸರ್ವನಾಮಗಳನ್ನೆಲ್ಲ ‘ಅವರು’ ಮಾಡಿದರೆ ‘ಅವರು ಅವರಿಗೆ ಅವರ ಪುಸ್ತಕ ತೋರಿಸಬೇಕು’ ಎಂಬಂಥ ವಾಕ್ಯ ಬರುತ್ತದೆ. ಕಲಿಸುವವರನ್ನು ‘ನೀವು’ ಎಂದು ಕರೆದು ಇಡೀ ಕೈಪಿಡಿ ಬರೆಯಿರಿ. ‘ಕಲಿಯುವವರು ತಪ್ಪು ಓದಿದರೆ ನೀವು ಕೂಡಲೇ ತಿದ್ದಬೇಡಿ, ವಾಕ್ಯದ ಕೊನೆಯವರೆಗೆ ಕಾಯಿರಿ’ ಎಂಬಂತೆ. ಆಗ ಟ್ಯೂಟರ್‌ಗೆ ಪದ ಬೇಕಾಗುವುದು ರಕ್ಷಾಪುಟದಲ್ಲಿ ಮಾತ್ರ.